ಕಂದು ಕರಡಿಯೂ ಅಂಜುಬುರುಕ ಸಲೋತ್ರಿಯೂ

ದನದ ದವಾಖಾನೆಯ ನೌಕರಿಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಹಳ ಕಂಡ ಮುದುಕ, ಉಪಯೋಗಕ್ಕೆ ಬರುವ ಮಾತೊಂದನ್ನು ಹೇಳಿಯಾನು ಎಂಬ ಆಸೆ ಅವರದು. ಚಹಾ ಕೊಟ್ಟು ಕೂರಿಸುತ್ತೇನೆ. ನನಗೆ ಗೊತ್ತಿರುವ ಉಪಯೋಗದ ಮಾತು ಒಂದೇ: ಪ್ರಾಣಿಗಳಿಗೆ ಅಂಜುವವನು ಈ ಕೆಲಸಕ್ಕೆ ಬರಬಾರದು. ನಾನು ಬಂದೆ. ಬಂದ ಮೇಲೆ ಏನಾಯಿತು ಎಂದು ಕೇಳಿದವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಈಗ ಬರೆದಿಡುತ್ತಿದ್ದೇನೆ.

ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ನನ್ನ ಅಪ್ಪ ಒಕ್ಕಲುತನ ಮಾಡುತ್ತಿದ್ದ. ನಮ್ಮ ಹೋರಿಗೆ ನನ್ನ ಮುಖ ಏಕೋ ಆಗುತ್ತಿರಲಿಲ್ಲ. ನನ್ನನ್ನು ಕಂಡರೆ ಕೊಂಬು ಇಳಿಸುತ್ತಿತ್ತು, ನಾನು ಜೋಳದ ಕಣಕಿಯ ಬಣವೆ ಹತ್ತುತ್ತಿದ್ದೆ. ಬಣವೆಯ ಮೇಲೆ ಕೂತು ಓದಿದ್ದರಿಂದಲೇ ನಾನು ಶಾಲೆಯಲ್ಲಿ ಪಾಸಾದೆ ಎಂದು ಮನೆಯಲ್ಲಿ ನಗುತ್ತಿದ್ದರು. ಕೊನೆಗೆ ಅಪ್ಪ ಒಂದು ತೀರ್ಮಾನಕ್ಕೆ ಬಂದ. "ಇವಗ ದನ ಕಾಯಾಕ ಬರಂಗಿಲ್ಲ, ಎತ್ತು ಹೂಡಾಕ ಬರಂಗಿಲ್ಲ. ದನದ ಡಾಕ್ಟರಾದ್ರೂ ಆಗ್ಲಿ" ಎಂದು ಯಾರದೋ ಕೈಕಾಲು ಹಿಡಿದು ನನ್ನನ್ನು ಹೈದರಾಬಾದಿಗೆ ಕಳಿಸಿದ. ಅದು ನಿಜಾಮರ ಕಾಲ. ಜಾನುವಾರು ವೈದ್ಯನಿಗೆ ನಮ್ಮ ಕಡೆ ಸಲೋತ್ರಿ ಎನ್ನುತ್ತಿದ್ದರು. ನಾನು ಸಲೋತ್ರಿಯಾದೆ.

ಕಲಿಸಿದ ದೊಡ್ಡ ಸಾಹೇಬರು ಕುದುರೆಯ ಮನುಷ್ಯ. ಅವರಿಗೆ ಜಗತ್ತಿನಲ್ಲಿ ಕುದುರೆ ಬಿಟ್ಟರೆ ಉಳಿದದ್ದೆಲ್ಲ ಸ್ವಲ್ಪ ಕೆಟ್ಟುಹೋದ ಕುದುರೆ. "ಮೊದಲು ಪ್ರಾಣಿಯ ಬಾಯಿ ತೆಗೆಸಿ ಹಲ್ಲು ಎಣಿಸು, ಆಮೇಲೆ ನಿನ್ನ ಬಾಯಿ ತೆಗೆ" ಎಂಬುದು ಅವರ ಮಂತ್ರ. ಒಂದು ದಿನ ಮೇಜಿನ ಮೇಲೆ ಒಂದು ತಲೆಬುರುಡೆ ಇಟ್ಟು, "ಇದು ಕರಡಿ. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ಗೆದ್ದಲು ಹೀರುತ್ತದೆ. ಗುರುತು ಇಷ್ಟೇ" ಎಂದು ಹೇಳಿ ಮತ್ತೆ ಕುದುರೆಯ ಗೊರಸಿಗೆ ಹೋದರು. ಕರಡಿಯ ಪಾಠ ಅಲ್ಲಿಗೆ ಮುಗಿಯಿತು. ಬುರುಡೆಗೆ ನಾನು ಅಂಜಲಿಲ್ಲವಾದ್ದರಿಂದ ಆ ಪಾಠ ಚೆನ್ನಾಗಿ ನೆನಪುಳಿಯಿತು.

ಮೊದಲು ಹಾಕಿದ್ದು ಜೇವರ್ಗಿಗೆ. ಅಲ್ಲಿ ನಾನು ಅಂಜಿಕೆ ಮುಚ್ಚಿಕೊಳ್ಳುವ ಉಪಾಯಗಳನ್ನು ಒಂದೊಂದಾಗಿ ಕಂಡುಹಿಡಿದೆ. ಪ್ರಾಣಿಯನ್ನು ಮೊದಲು ದೂರ ನಿಂತು ನೋಡಬೇಕು, ಅದು ಹೈದರಾಬಾದಿನ ಹೊಸ ಪದ್ಧತಿ ಎನ್ನುತ್ತಿದ್ದೆ. ಮುಲಾಮು ಹಚ್ಚಲು ಉದ್ದನೆಯ ಬಿದಿರಿನ ತುದಿಗೆ ಅರಿವೆ ಸುತ್ತಿಕೊಂಡಿದ್ದೆ, ಅದೂ ಹೊಸ ಪದ್ಧತಿ. ಒಮ್ಮೆ ಹೊಟ್ಟೆಯುಬ್ಬರದ ಎಮ್ಮೆಗೆ ಗೊಟ್ಟದಲ್ಲಿ, ಎಂದರೆ ಬಿದಿರಿನ ಕೊಳವೆಯಲ್ಲಿ, ಔಷಧಿ ಹೊಯ್ಯಬೇಕಾಗಿ ಬಂತು. ಮಾಲೀಕ ಎಮ್ಮೆಯ ಕತ್ತು ಅವುಚಿಕೊಂಡು ತಾನೂ ಬಾಯಿ ತೆರೆದು ನಿಂತಿದ್ದ. ನಾನು ಕಣ್ಣು ಮುಚ್ಚಿ, ಕೈ ಉದ್ದ ಮಾಡಿ ಹೊಯ್ದೆ. ಎಮ್ಮೆ ತಾನಾಗಿಯೇ ಗುಣವಾಯಿತು. ಪಾಪ, ಮಾಲೀಕ ಸುಧಾರಿಸಿಕೊಳ್ಳಲು ಸ್ವಲ್ಪ ತಡವಾಯಿತು. ಇಷ್ಟಾದರೂ ನನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದೇ ನಾನು ನಂಬಿದ್ದೆ.

ಅಲ್ಲಿಂದ ಅಫಜಲಪುರಕ್ಕೆ ವರ್ಗವಾಯಿತು. ಕರಡಿ ಆಡಿಸುವ ಲಾಲೇಸಾಬ ಗುಲಾಬಿಯನ್ನು ಕರೆದುಕೊಂಡು ದವಾಖಾನೆಗೆ ಬಂದದ್ದು ಅಲ್ಲಿ.

ಕರಡಿ ಆಡಿಸುವವರು ಆಗ ನಮ್ಮ ಕಡೆ ತಿರುಗುತ್ತಲೇ ಇರುತ್ತಿದ್ದರು. ಅವರ ಕರಡಿಗಳು ಕಪ್ಪು, ಜೋಲುಕೂದಲು, ಎದೆಯ ಮೇಲೆ ಬಿಳಿ ಗೆರೆ. ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿದರೆ ಅಂಜಿಕೆ ಹೋಗುತ್ತದೆ, ಅದರ ಕೂದಲನ್ನು ತಾಯತದಲ್ಲಿ ಕಟ್ಟಿದರೆ ಮತ್ತೆ ಬರುವುದಿಲ್ಲ ಎಂದು ಜನ ನಂಬಿದ್ದರು. ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರೂ ಕೂರಿಸುತ್ತಿದ್ದರು. ಕಲಿತವನಾದ ನಾನು ನಗುತ್ತಿದ್ದೆ.

ಲಾಲೇಸಾಬ ಭೀಮೆಯ ಆಚೆ ದಂಡೆಯವನು, ನಡುವಯಸ್ಸಿನ ಸಣಕಲ ಮನುಷ್ಯ. ಅವನ ಕೈಯಲ್ಲಿದ್ದ ಪ್ರಾಣಿಯನ್ನು ಕಂಡು ನಾನು ನನ್ನ ಹೊಸ ಪದ್ಧತಿಯಂತೆ ಕಟ್ಟೆಯ ಮೇಲಕ್ಕೆ ಸರಿದೆ. ಮೈಬಣ್ಣ ಬೆಲ್ಲದ್ದು. ಹೆಗಲ ಮೇಲೆ ಹೋರಿಗಿರುವಂತೆ ಒಂದು ಡುಬ್ಬ. ಕಿವಿ ಸಣ್ಣವು, ದುಂಡಗೆ. ಮುಂಗಾಲಿನ ಉಗುರು ಕುಡುಗೋಲಿನಷ್ಟು ಬಾಗಿದ್ದವು. ಮೂಗಿಗೆ ಪೋಣಿಸಿದ ಹಗ್ಗದ ಸುತ್ತ ಹುಣ್ಣಾಗಿ ಕೀವು ಸೋರುತ್ತಿತ್ತು.

"ಏನಲೇ ಇದು?" ಎಂದೆ.

"ಕರಡಿರಿ ಸಾಹೇಬ್ರ. ಗುಲಾಬಿ ಅಂತ ಹೆಸರು. ಕಾಶ್ಮೀರದ ಕಡೀದು. ಇಂಗು ಮಾರಾಕ ಬಂದ ಪಠಾಣ ಒಬ್ಬಾಂವ ಮರಿ ಇದ್ದಾಗ ಕೊಟ್ಟು ಹೋದ. ಇದರ ಅವ್ವನ್ನ ಇದರ ಮುಂದs ಗುಂಡು ಹಾಕಿ ಕೊಂದಿದ್ರಂತ. ಆಡಿನ ಹಾಲು ಕುಡಿಸಿ ಬೆಳಿಸೇನಿ. ಪಟಾಕಿ ಸಪ್ಪಳಾದ್ರ ಸಾಕು, ನನ್ನ ತೊಡಿಮ್ಯಾಲ ಬಂದು ಕುಂದರತಾಳ."

ಅಷ್ಟು ದೊಡ್ಡ ಜೀವ ಅವನ ತೊಡೆಯ ಮೇಲೆ ಹೇಗೆ ಕೂತೀತು ಎಂದು ಯೋಚಿಸುತ್ತಲೇ ನಾನು ಕಟ್ಟೆಯ ಮೇಲಿಂದ ಬಿದಿರು ಚಾಚಿ ಮೂಗಿಗೆ ಮುಲಾಮು ಹಚ್ಚಿದೆ. ಹಗ್ಗ ತೆಗೆದು ಕೊರಳಿಗೆ ಪಟ್ಟಿ ಕಟ್ಟು ಎಂದು ಗದರಿಸಿದೆ. ಗದರಿಸಲು ಹತ್ತಿರ ಹೋಗಬೇಕಾಗಿಲ್ಲವಲ್ಲ. ಲಾಲೇಸಾಬ ಹೇಳಿದಂತೆ ಮಾಡಿದ, ಹುಣ್ಣು ಮಾಯಿತು. ನನ್ನ ಹೆಸರು ಸ್ವಲ್ಪ ಮೇಲಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಚಳಿಗಾಲ ಕಳೆದು ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಅವನು ಮತ್ತೆ ಬಂದ. ಈ ಸಲ ಅಳುವುದೊಂದು ಬಾಕಿ.

"ಸಾಹೇಬ್ರ, ಕೂದಲ ಉದರಾಕತ್ತ್ಯಾವರಿ. ಮುಟ್ಟಿದ್ರ ಉಂಡಿ ಉಂಡಿ ಕೈಗೆ ಬರ್ತಾವ."

ನಾನು ದೂರದಿಂದ ನೋಡಿದೆ. ಪಕ್ಕೆಯ ಮೇಲೆ ಹಳೆಯ ಗಾದಿಯ ಹತ್ತಿಯಂತೆ ಕೂದಲು ಜೋತು ಬಿದ್ದಿತ್ತು. "ಕಜ್ಜಿ" ಎಂದೆ. ಗಂಧಕ ಅರೆದು ಹೊಂಗೆ ಎಣ್ಣೆಯಲ್ಲಿ ಕಲಸಿ, ಮೈತುಂಬ ಹಚ್ಚಲು ಹೇಳಿದೆ. ಹಿಮದ ನಾಡಿನ ಕಂದು ಕರಡಿ ಚಳಿಗಾಲಕ್ಕೆ ದಪ್ಪ ಕೂದಲು ಹೊದ್ದುಕೊಳ್ಳುತ್ತದೆ, ಬಿಸಿಲು ಬಂದೊಡನೆ ಅದನ್ನು ಕಳಚಿ ಹಾಕುತ್ತದೆ, ಅದು ರೋಗವೇ ಅಲ್ಲ ಎಂದು ನಾನು ಪುಸ್ತಕದಲ್ಲಿ ಓದಿದ್ದು ಪಿಂಚಣಿ ಬಂದ ಮೇಲೆ. ಆಗ ನಾನು ಹಚ್ಚಿಸಿದ ಗಂಧಕದಿಂದ ಗುಲಾಬಿ ಬೆಲ್ಲದ ಬಣ್ಣ ಬಿಟ್ಟು ಅರಿಶಿನದ ಬಣ್ಣಕ್ಕೆ ಬಂದಳು. ಮದುವಣಗಿತ್ತಿಯ ಹಾಗೆ ಹಳದಿಯಾಗಿ, ಗಂಧಕದ ನಾತ ಬೀರುತ್ತ, ಲಾಲೇಸಾಬನ ಹಿಂದೆ ಮಣ್ಣೂರಿನ ದಾರಿ ಹಿಡಿದಳು.

ಮಣ್ಣೂರು ಭೀಮೆಯ ದಂಡೆಯ ಊರು. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿ ಬರುವವರಿಂದ ಅಷ್ಟಿಷ್ಟು ಸಿಕ್ಕೀತೆಂದು ಲಾಲೇಸಾಬ ಆ ಕಡೆಯೆಲ್ಲ ತಿರುಗುತ್ತಿದ್ದ. ಊರ ಗೌಡರಿಗೆ ಒಬ್ಬನೇ ಮೊಮ್ಮಗ, ಎಲೆ ಅಲುಗಿದರೆ ಬೆಚ್ಚುವ ಕೂಸು. ಅನುಮಾನಿಸುತ್ತಲೇ ಅದನ್ನು ಗುಲಾಬಿಯ ಬೆನ್ನ ಮೇಲೆ ಕೂರಿಸಿದರು. ಸಂಜೆಗೆ ಕೂಸಿಗೆ ಜ್ವರ ಬಂತು. ಆ ಬಿಸಿಲಿಗೆ ಯಾರಿಗಾದರೂ ಬರುತ್ತಿತ್ತು. ಆದರೆ ಗೌಡರು, "ಇದು ಕರಡೀನs ಅಲ್ಲ, ಎಂಥದೋ ಪೀಡಿ" ಎಂದು ಗುಲಾಬಿಯನ್ನು ಕೊಂಡವಾಡಕ್ಕೆ ಹಾಕಿಸಿದರು. ಕೊಂಡವಾಡವೆಂದರೆ ಬೆಳೆ ಮೇಯ್ದ ತುಡುಗು ದನಗಳನ್ನು ಕೂಡಿಹಾಕುವ ದೊಡ್ಡಿ. ಒಳಗಿದ್ದ ಎರಡು ಕತ್ತೆಗಳು ಗೋಡೆ ಹಾರಿ ಓಡಿದವು. ಕತ್ತೆಗಳಿಗೂ ಬುದ್ಧಿ ಇರುತ್ತದೆ.

ಮರುದಿನ ಬೆಳಿಗ್ಗೆ ಪೊಲೀಸ್ ಅಮೀನ ಸಾಹೇಬರು ಕುದುರೆಯೇರಿ ಬಂದರು. ಜೊತೆಗೆ ನನ್ನನ್ನೂ ಕರೆಸಿದರು. ಅವರ ಆ ಕುದುರೆಗೂ ನನಗೂ ಹಳೆಯ ಲೆಕ್ಕವಿತ್ತು. ಹಿಂಗಾಲು ಕುಂಟುತ್ತಿತ್ತು, ಝಾಡಿಸಿ ಒದೆಯುತ್ತಿತ್ತು. ನಾನು ಬಹಳ ದಿನಗಳಿಂದ ದೂರ ನಿಂತು ನೋಡಿ, "ವಾಯು" ಎಂದು ತಿಕ್ಕಲು ಎಣ್ಣೆ ಕೊಡುತ್ತ ಬಂದಿದ್ದೆ. ಕುಂಟು ಕಡಿಮೆಯಾಗಿರಲಿಲ್ಲ.

ಅಮೀನ ಸಾಹೇಬರು ಕೊಂಡವಾಡದ ಬಾಗಿಲಲ್ಲಿ ಹೊರಸಿನ ಮೇಲೆ ಕೂತು ಬಂದೂಕು ತೊಡೆಯ ಮೇಲಿಟ್ಟುಕೊಂಡರು. "ದೇಖೋ ಸಲೋತ್ರಿ ಸಾಬ್, ಇವಗ ಇಜಾಜತ್ ಚೀಟಿ ಇರೋದು ಕರಡಿ ಆಡಸಾಕ. ಕರಡಿ ಇದ್ರ ಬಿಟ್ಟು ಬಿಡ್ತೇನಿ. ಬ್ಯಾರೆ ಜಂಗಲಿ ಜಾನವರ್ ಊರಾಗ ಸಿಕ್ರ ಗುಂಡು ಹಾಕಬೇಕು. ಒಂದs ಮಾತು ಹೇಳ್ರಿ, ಕರಡಿ ಹೌದೋ, ಅಲ್ಲೋ?" ಹಾಗೊಂದು ಕಾನೂನು ನಿಜವಾಗಿ ಇತ್ತೋ, ಬಂದೂಕು ಸುಮ್ಮನಿದ್ದು ಬೇಸತ್ತಿತ್ತೋ, ನನಗೆ ತಿಳಿಯದು.

ಲಾಲೇಸಾಬ ನನ್ನ ಕಾಲಿಗೆ ಬಿದ್ದ. "ಸಾಹೇಬ್ರ, ನನಗ ಮಕ್ಕಳಿಲ್ಲ. ಆಕಿ ಹೋದ್ರ ನಾನೂ ಹೋದಂಗs."

ಗೋಡೆಯ ಮೇಲೆ ಊರಿಗೆ ಊರೇ ಕೂತಿತ್ತು. ನಾನು ದೊಡ್ಡ ಸಾಹೇಬರ ಮಂತ್ರ ನೆನೆದೆ. ಬಾಯಿ ತೆರೆಸು ಎಂದೆ. ಲಾಲೇಸಾಬ ಗುಲಾಬಿಯ ತುಟಿ ಎತ್ತಿದ. ಕೋರೆಹಲ್ಲುಗಳನ್ನು ಆಡಿಸುವವರ ರೂಢಿಯಂತೆ ಹಿಂದೆಯೇ ಕಿತ್ತಿದ್ದರು. ಮುಂದಿನ ಹಲ್ಲುಗಳನ್ನು ಎಣಿಸಿದೆ. ಮೇಲಿನ ಸಾಲಿನಲ್ಲಿ ಆರಕ್ಕೆ ಆರೂ ಇದ್ದವು. ಸಂದಿ ಇರಲಿಲ್ಲ. ನನಗೆ ಗೊತ್ತಿದ್ದ ಒಂದೇ ಒಂದು ಗುರುತಿನ ಪ್ರಕಾರ ಇದು ಕರಡಿಯಲ್ಲ. ಹಾಗೆಂದರೆ ಗುಂಡು.

"ಏನಾತು?" ಎಂದರು ಅಮೀನ ಸಾಹೇಬರು.

"ಹಲ್ಲು ಬಹಳ ಛಲೋ ಅವ" ಎಂದೆ.

ಜನ ನಕ್ಕರು. ನಾನು ಬೆವರುತ್ತ ಉಳಿದ ಗುರುತುಗಳನ್ನು ಹುಡುಕಿದೆ. ಬಾಲ ಗೇಣುದ್ದವೂ ಇಲ್ಲ, ನೋಡ್ರಿ. ನಾಯಿಯ ಹಾಗೆ ಬೆರಳ ತುದಿಯಲ್ಲಿ ನಡೆಯುವುದಿಲ್ಲ, ನಮ್ಮ ಹಾಗೆ ಹಿಮ್ಮಡಿ ಊರಿ ನಡೆಯುತ್ತದೆ, ಧೂಳಿನಲ್ಲಿ ಹೆಜ್ಜೆ ನೋಡ್ರಿ, ಥೇಟ್ ಮನುಷ್ಯನ ಪಾದ. ನಾನು ಹೇಳುತ್ತಿದ್ದಂತೆ ಗುಲಾಬಿ ತಲೆ ತಗ್ಗಿಸಿ ಕೊಂಡವಾಡದ ಗೋಡೆಯ ಬುಡದ ಹಸಿ ಹುಲ್ಲನ್ನು ಕರಕರನೆ ಕಡಿದು ಮೇಯತೊಡಗಿದಳು. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎನ್ನುತ್ತಾರಲ್ಲ, ನನ್ನ ಪೂಜೆಗೆ ಕರಡಿಯೇ ಕರಡಿ ಬಿಟ್ಟಿತು.

"ನೋಡ್ರಿ, ಆಕಳಂಗ ಹುಲ್ಲು ಮೇಯಾಕತ್ತದ!" ಎಂದು ಗೌಡರು ಎದ್ದು ನಿಂತರು. "ಹುಲ್ಲು ಮೇಯೋ ಕರಡಿ ಎಲ್ಲ್ಯರ ಕಂಡೀರೇನ್ರಿ? ಮತ್ತ ಹಳದಿ ಕರಡಿ ಯಾವ ದೇಶದಾಗ ಅದ?"

"ಹಳದಿ ಅದರದಲ್ರಿ ಗೌಡ್ರ, ಅದು ನಂದು. ನಾ ಹಚ್ಚಿಸಿದ ಗಂಧಕ" ಎಂದೆ.

"ಗಂಧಕ ತೊಳದ್ರ?"

"ಕಂದು ಬಣ್ಣರಿ."

"ಕರಡಿ ಅಂದ ಮ್ಯಾಲ ಕರ್ರಗ ಇರಬೇಕೋ ಬ್ಯಾಡೋ?"

ಅಮೀನ ಸಾಹೇಬರು ಬಂದೂಕಿಗೆ ತೋಟಾ ತುಂಬಿದರು. ಆ ಖಟಕ್ ಸಪ್ಪಳಕ್ಕೆ ಗುಲಾಬಿ ಹುಲ್ಲು ಬಿಟ್ಟು, ಹಿಂದಕ್ಕೆ ಸರಿದು ಸರಿದು ಗೋಡೆಗೆ ಆತುಕೊಂಡಳು. ಲಾಲೇಸಾಬ ಅವಳ ಮುಂದೆ ಹೋಗಿ ಕೂತ. ಅವನನ್ನು ಎಬ್ಬಿಸಲು ಇಬ್ಬರು ಜವಾನರು ಬಂದರು.

ಆಗ ಗೋಡೆಯ ಮೇಲಿಂದ ಒಂದು ದನಿ ಬಂತು. ಊರಿನ ಸೂಲಗಿತ್ತಿ ನೀಲವ್ವನದು. ಅಲ್ಲಿದ್ದ ಮುಕ್ಕಾಲು ಜನರನ್ನು ಭೂಮಿಗೆ ಇಳಿಸಿಕೊಂಡವಳು ಅವಳು, ಗೌಡರನ್ನೂ ಸೇರಿಸಿ. ಹೀಗಾಗಿ ಅವಳು ಮಾತಾಡಿದರೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು.

"ಹಲ್ಲು ಎಣಿಸಿ, ಬಣ್ಣ ನೋಡಿ ಕರಡಿ ಅಂತ ಹೇಳ್ತೀರೇನ್ರೋ? ನಮಗ ಕರಡಿ ಯಾಕ ಬೇಕು? ಅಂಜಿಕಿ ಬಿಡಸಾಕ. ಅಂಜಾವ್ರನ್ನ ಇದರ ಮ್ಯಾಲ ಕೂಡಸ್ರಿ. ಅಂಜಿಕಿ ಹೋದ್ರ ಕರಡಿ. ಹೋಗಲಿಲ್ಲಂದ್ರ ಅಮೀನ ಸಾಹೇಬ್ರ ಕೈಯಾಗ ಬಂದೂಕ ಅದs ಅದ."

"ಯಾರ ಕೂಸನ್ನ ಕೂಡಸ್ತಿ ಬೇ?" ಎಂದರು ಗೌಡರು. "ನಮ್ಮ ಕೂಸಿಗೆ ಆಗಿದ್ದು ಸಾಕು."

"ಕೂಸು ಯಾಕ್ರಿ? ಈ ತಾಲೂಕಿನಾಗ ಎಲ್ಲಾರಕಿಂತ ಹೆಚ್ಚ ಅಂಜಾವ್ರು ಇಲ್ಲೇ ನಿಂತಾರಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಯಾರನ್ನು ನೋಡುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.

"ದೂರ ನಿಂತು ನೋಡೋ ಸಲೋತ್ರಿ" ಎಂದು ಯಾರೋ ಅಂದರು. "ಬಿದಿರಿನ ಸಲೋತ್ರಿ" ಎಂದು ಇನ್ನೊಬ್ಬರು. ಜೇವರ್ಗಿಯ ಎಮ್ಮೆಯ ಮಾಲೀಕನ ಕಥೆ ನನಗಿಂತ ಮೊದಲೇ ಇಲ್ಲಿಗೆ ಬಂದು ಮುಟ್ಟಿತ್ತೆಂದು ಆಗ ಗೊತ್ತಾಯಿತು. ಇಷ್ಟು ವರ್ಷ ನಾನು ಎದೆಯಲ್ಲಿ ಬಚ್ಚಿಟ್ಟ ಗುಟ್ಟನ್ನು ಭೀಮೆಯ ಎರಡೂ ದಂಡೆಯಲ್ಲಿ ಜೋಳ ಬೀಸುತ್ತ ಹಾಡಾಗಿ ಹೇಳದಿದ್ದುದೇ ಹೆಚ್ಚು. ಅಂಜುವವನ ಮೇಲೆ ಕಪ್ಪೆ ಎಸೆದಂತೆ ಎಂಬ ಗಾದೆ ಇದೆ. ನನ್ನ ಪಾಲಿಗೆ ಕಪ್ಪೆ ಸಾಲದೆ ಕರಡಿಯೇ ಬಂದಿತ್ತು.

ಓಡಿಬಿಡುತ್ತಿದ್ದೆ. ಆದರೆ ಲಾಲೇಸಾಬ ಗುಲಾಬಿಯ ಕೊರಳು ತಬ್ಬಿ ನನ್ನನ್ನು ನೋಡುತ್ತಿದ್ದ. ಬಾಯಿಬಿಟ್ಟು ಕೇಳಿದ್ದರೆ ಏನಾದರೂ ನೆಪ ಹೇಳಿಬಿಡುತ್ತಿದ್ದೆನೋ ಏನೋ.

ನಾನು ರುಮಾಲು ತೆಗೆದು ಗೋಡೆಯ ಮೇಲಿಟ್ಟೆ, ಧೋತರ ಬಿಗಿದೆ. ಆಗ ನಾನು ಕಣಕಿಯಂತಿದ್ದೆ, ತೂಕದ ಚಿಂತೆ ಇರಲಿಲ್ಲ. "ಬರ್ರಿ ಸಾಹೇಬ್ರ, ಏನೂ ಮಾಡಂಗಿಲ್ಲಾಕಿ" ಎಂದು ಲಾಲೇಸಾಬ ನನ್ನ ರಟ್ಟೆ ಹಿಡಿದು ಕೂರಿಸಿದ. ನಾನು ಕಣ್ಣು ಮುಚ್ಚಿ ಹೆಗಲ ಡುಬ್ಬವನ್ನು ಎರಡೂ ಕೈಯಿಂದ ಹಿಡಿದೆ. ನನ್ನ ಗಂಧಕದ ನಾತ ನನಗೇ ಹೊಡೆಯಿತು. ಗುಲಾಬಿ ನಿಧಾನವಾಗಿ ಹೆಜ್ಜೆ ಹಾಕಿದಳು. ನನ್ನ ಮೈಯೆಲ್ಲ ನಡುಗುತ್ತಿತ್ತು. ಮಾನ ಹೋಯಿತು, ಇನ್ನು ಈ ನಡುಕವಾದರೂ ನಿಲ್ಲಲಿ ಎಂದು ಹಲ್ಲು ಕಚ್ಚಿ, ಉಸಿರು ಕಟ್ಟಿ ನನ್ನ ನಡುಕವನ್ನು ನಿಲ್ಲಿಸಿದೆ.

ನಡುಕ ನಿಲ್ಲಲಿಲ್ಲ. ಅದು ನನ್ನದಾಗಿರಲಿಲ್ಲ.

ಕಣ್ಣು ತೆರೆದೆ. ಗುಲಾಬಿ ಅಮೀನ ಸಾಹೇಬರ ಬಂದೂಕಿನ ಮೇಲಿಂದ ಕಣ್ಣು ಕೀಳದೆ ನಡೆಯುತ್ತಿದ್ದಳು. ಆ ದಪ್ಪ ಕೂದಲಿನ ಕೆಳಗೆ ಅವಳ ಇಡೀ ಮೈ ಜ್ವರ ಬಂದ ಕೂಸಿನಂತೆ ಅದುರುತ್ತಿತ್ತು. ನನಗೆ ದುಃಖ ಉಕ್ಕಿ ಬಂತು. ಏನು ಮಾಡಬೇಕೋ ತಿಳಿಯದೆ ಡುಬ್ಬದ ಮೇಲೆ ಕೈಯಾಡಿಸಿದೆ. ಹೈದರಾಬಾದಿನಿಂದ ಬಂದ ಮೇಲೆ ಬಿದಿರಿಲ್ಲದೆ ಒಂದು ಪ್ರಾಣಿಯನ್ನು ನಾನು ಮುಟ್ಟಿದ್ದು ಅದೇ ಮೊದಲು.

ಸುತ್ತು ಮುಗಿಯಿತು. ಇಳಿದೆ.

"ಅಂಜಿಕಿ ಹೋತೇನು?" ಎಂದರು ಗೌಡರು.

"ಹೋತ್ರಿ" ಎಂದೆ.

"ಬಾಯಿಲೆ ಹೇಳಿದ್ರ ಆತೇನು?" ಎಂದು ನೀಲವ್ವ ಬಿಡಲಿಲ್ಲ. "ಅಮೀನ ಸಾಹೇಬ್ರ ಕುದುರಿ ಹಿಂಗಾಲು ಎತ್ತಿ ತೋರಸು ತಮ್ಮಾ."

ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ನಾನು ಅದರ ಹಿಂದೆ ಹೋಗುತ್ತಿದ್ದಂತೆ ಅದು ಕಿವಿ ಮಲಗಿಸಿತು. ಹಿಂದಿನ ದಿನವಾಗಿದ್ದರೆ ಅಲ್ಲಿಗೇ ಗಿಡ ಹತ್ತುತ್ತಿದ್ದೆ. ಒಂದು ಹೆಜ್ಜೆ ಹಿಂದಿಟ್ಟರೆ ಬಂದೂಕು ಮೇಲೇಳುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಅದರ ತೊಡೆಯ ಮೇಲೆ ಅಂಗೈ ಇಟ್ಟು ನಿಂತೆ. ಚರ್ಮದ ಕೆಳಗೆ ಅದೇ ಅದುರು, ಗುಲಾಬಿಯದೇ ಅದುರು. ಸುಮ್ಮನೆ ಕೈ ಅಲ್ಲೇ ಇಟ್ಟುಕೊಂಡೆ. ಅದುರು ಸಣ್ಣಗಾದ ಮೇಲೆ ಕಾಲು ಎತ್ತಿದೆ. ಕುದುರೆ ಒದೆಯಲಿಲ್ಲ. ಗೊರಸಿನ ನಡುವಿನ ಮೆತ್ತನೆ ಜಾಗದಲ್ಲಿ ಒಂದು ಜಾಲಿ ಮುಳ್ಳು ಮುರಿದು ಕೂತಿತ್ತು. ನನ್ನ "ವಾಯು" ಅದೇ. ಚಿಮಟದಿಂದ ಎಳೆದು ಅಮೀನ ಸಾಹೇಬರ ಅಂಗೈಯಲ್ಲಿಟ್ಟೆ.

"ನೋಡ್ರೋ, ಈಗ ಕುದುರೀನs ಸಲೋತ್ರಿಗೆ ಅಂಜಾಕತ್ತದ" ಎಂದು ಗೋಡೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಅದು ಮೊದಲಿಂದಲೂ ಅಂಜುತ್ತಿತ್ತು, ಅದಕ್ಕೇ ಒದೆಯುತ್ತಿತ್ತು. ಅಂಜುಬುರುಕರ ಜಾತಿಯವನಾದ ನನಗೇ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಮೀನ ಸಾಹೇಬರು ಮುಳ್ಳನ್ನು ತಿರುವಿ ತಿರುವಿ ನೋಡಿ ಬಂದೂಕಿನ ತೋಟಾ ತೆಗೆದರು. "ಗೌಡ್ರ, ಕರಡೀನs ಅದ. ಪಕ್ಕಾ ಕರಡಿ" ಎಂದರು. ಗೌಡರು ಒಪ್ಪಿದ್ದಷ್ಟೇ ಅಲ್ಲ, ಕೂಸಿನ ಜ್ವರ ಇಳಿದ ಮೇಲೆ ಮತ್ತೊಮ್ಮೆ ಕೂರಿಸಬಹುದೇ ಎಂದು ಲಾಲೇಸಾಬನನ್ನು ಪಿಸುಮಾತಿನಲ್ಲಿ ಕೇಳಿದರು.

ಲಾಲೇಸಾಬ ಅಲ್ಲಿ ಇನ್ನೊಂದು ಗಳಿಗೆಯೂ ನಿಲ್ಲಲಿಲ್ಲ. ಹೊಳೆ ದಾಟಿ ತನ್ನ ಊರು ಸೇರುತ್ತೇನೆಂದ. ನಾನೂ ದಂಡೆಯವರೆಗೆ ಹೋದೆ. ಬೇಸಿಗೆಯಾದ್ದರಿಂದ ಭೀಮೆಯಲ್ಲಿ ಮೊಣಕಾಲುದ್ದದ ನೀರು. ದಂಡೆಯಲ್ಲಿ ಅವನು ಗುಲಾಬಿಯ ಪಕ್ಕೆಯಿಂದ ಉದುರುತ್ತಿದ್ದ ಒಂದು ಚಿಟಿಕೆ ಕೂದಲು ತೆಗೆದು ನನ್ನ ಕೈಗಿಟ್ಟ. "ವೈನಿಯವ್ರಿಗೆ ಕೊಡ್ರಿ, ತಾಯತ ಕಟ್ಟತಾರ" ಎಂದ. ನಾನು ನಗಲಿಲ್ಲ, ಜೇಬಿಗೆ ಹಾಕಿಕೊಂಡೆ. ನನ್ನ ಹೆಂಡತಿ ಅದನ್ನು ಮಗನಿಗೆ ಕಟ್ಟುವಳೆಂದುಕೊಂಡಿದ್ದೆ. ಅವಳು ಒಂದು ಮಾತೂ ಕೇಳದೆ ನನ್ನ ಉಡದಾರಕ್ಕೆ ಕಟ್ಟಿದಳು. ಇಂದಿಗೂ ಅಲ್ಲೇ ಇದೆ.

ಅಷ್ಟರಲ್ಲಿ ಗುಲಾಬಿ ನೀರಿನ ಅಂಚಿಗೆ ಬಂದು ನಿಂತುಬಿಟ್ಟಳು. ಲಾಲೇಸಾಬ ಎಳೆದ, ನೂಕಿದ, ಮುದ್ದುಮಾಡಿದ. ಅವಳು ಹಿಂಗಾಲ ಮೇಲೆ ಕೂತಳು, ಕದಲಲಿಲ್ಲ.

"ಇವತ್ತ ಭಾಳ ಹೆದರ್ಯಾಳರಿ" ಎಂದು ಅವನು ನನ್ನ ಮುಖವನ್ನೇ ನೋಡಿದ. ಚೇಷ್ಟೆಯೋ ನಿಜವೋ ಗೊತ್ತಾಗಲಿಲ್ಲ. "ಸಾಹೇಬ್ರ, ನೀವು ಆಕಿ ಕೂದಲ ತಗೊಂಡ್ರಿ. ಆಕಿಗೂ ಅಂಜಿಕಿ ಅದರಿ. ನಿಮ್ಮದೊಂದು ಕೂದಲ ಕೊಡ್ರಿ."

ನಾನು ಮೀಸೆಯಿಂದ ಒಂದು ಕೂದಲು ಕಿತ್ತು ಕೊಟ್ಟೆ. ಅವನು ಅದನ್ನು ಅರಿವೆಯ ಚೂರಿನಲ್ಲಿ ಸುತ್ತಿ ಗುಲಾಬಿಯ ಕೊರಳ ಪಟ್ಟಿಗೆ ಕಟ್ಟಿದ. ಅವಳು ಒಮ್ಮೆ ನನ್ನ ಕೈ ಮೂಸಿ, ಎದ್ದು, ನೀರಿಗೆ ಇಳಿದಳು. ನನ್ನ ಇಡೀ ನೌಕರಿಯಲ್ಲಿ ಹಚ್ಚಿದ ಮುಲಾಮು, ಹೊಯ್ದ ಗೊಟ್ಟ, ತಿಕ್ಕಿಸಿದ ಎಣ್ಣೆ ಎಷ್ಟೋ ಇವೆ. ಕೊಟ್ಟ ಕೂಡಲೇ ಗುಣ ಕಂಡ ಮದ್ದು ಮಾತ್ರ ಅದೊಂದೇ.